ಗರ್ಮಿ ಅಲ್ಲ

ನಮ್ಮವ್ವನ ವೈದ್ಯಶಾಸ್ತ್ರದಲ್ಲಿ ಇರುವುದು ಎರಡೇ ರೋಗ: ಗರ್ಮಿ, ಅಂದರೆ ಮೈಯ ಉಷ್ಣ, ಮತ್ತು ಥಂಡಿ. ಬಾಯಲ್ಲಿ ಹುಣ್ಣಾದರೆ ಗರ್ಮಿ, ಕಣ್ಣು ಕೆಂಪಾದರೆ ಗರ್ಮಿ, ನಾನು ಸಿಟ್ಟಿಗೆದ್ದರೂ ಗರ್ಮಿ. ಎಲ್ಲದಕ್ಕೂ ಮಜ್ಜಿಗೆ. ಸಂತಪುರದಲ್ಲಿ ಕುರಿ ಸಾಕಿ ಬದುಕಿದವಳು ಈಗ ಬೀದರಿನ ಮೈಲೂರಿನಲ್ಲಿ ನನ್ನ ಜೊತೆಗಿದ್ದಾಳೆ. ಬರುವಾಗ ಹಟ ಹಿಡಿದು ಕುರಿದೊಡ್ಡಿಯ ಕೆಂದುಬಣ್ಣದ ಹೆಣ್ಣುನಾಯಿಯನ್ನೂ ಕರೆತಂದಳು. ನನಗೆ ಆಗ ಆ ನಾಯಿ ಬೇಕಿರಲಿಲ್ಲ. ಈಗ ಮನೆಗೆ ಬಂದ ಕೂಡಲೇ ಮೊದಲು ಅದನ್ನೇ ಹುಡುಕುತ್ತೇನೆ.

ಹೋದ ವರ್ಷ ಅದಕ್ಕೆ ಲಸಿಕೆ ಹಾಕಿಸಲು ಇಬ್ಬರೂ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ಒಂದೇ ಸಲಕ್ಕೆ ಎರಡು ಸೂಜಿ ಹಾಕಿದರು, ಒಂದು ಹುಚ್ಚುನಾಯಿ ರೋಗದ್ದು, ಇನ್ನೊಂದು ಬೇರೆ ರೋಗಗಳದ್ದು. "ಅರ್ಧ ತಾಸು ಇಲ್ಲೇ ಗಿಡದ ಕೆಳಗ ಕೂಡ್ರಿ" ಎಂದರು. ಅವ್ವ ಆಗಲೇ ಗೇಟಿನ ಹೊರಗಿದ್ದಳು.

"ಕುರಿಗಿ ಸೂಜಿ ಹಾಕಿಸಿದ ಮ್ಯಾಲ ಯಾರರೆ ಕುಂದರ್ತಾರೇನ? ಹಿಂಡು ಹೊಡ್ಕೊಂಡು ಹೋಗೋದೇ. ನಡದ್ರ ಔಷಧ ಮೈಗಿ ಹತ್ತತದ," ಎಂದಳು. ದೊಡ್ಡಿಯ ರೂಢಿ ಅದು. ಹಿಂಡನ್ನು ಕೂರಿಸಿಕೊಂಡು ನೋಡಲು ಅಲ್ಲಿ ಯಾರಿಗೂ ಪುರಸತ್ತಿಲ್ಲ. ಅವಳೊಡನೆ ವಾದಿಸಿ ಗೆದ್ದವರೂ ಇಲ್ಲ. ನಡೆದೇ ಮನೆಗೆ ಬಂದೆವು.

ಬಂದು ನೀರು ಕುಡಿಯುವಷ್ಟರಲ್ಲಿ ನಾಯಿ ಮುಖವನ್ನು ನೆಲಕ್ಕೆ ತಿಕ್ಕತೊಡಗಿತು. ತುಟಿ ದಪ್ಪಗಾಯಿತು, ಕಣ್ಣು ಮುಚ್ಚುವಂತೆ ಊದಿತು, ಹೊಟ್ಟೆಯ ಮೇಲೆಲ್ಲ ದದ್ದು ಎದ್ದವು. "ಗರ್ಮಿ ಆಗ್ಯಾದ," ಎಂದು ಅವ್ವ ಮಜ್ಜಿಗೆಯ ಬಟ್ಟಲು ಇಟ್ಟಳು. ಒಂದು ಗುಟುಕು ಕುಡಿದದ್ದೇ ವಾಂತಿ ಮಾಡಿ, ಕಾಲು ಸೋತು ಮಲಗಿಬಿಟ್ಟಿತು. ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆ.

"ತುಟಿ ಎತ್ತಿ ಒಸಡು ನೋಡ್ರಿ. ಯಾವ ಬಣ್ಣ ಅದ?"

ದಿನವೂ ಕೆಂಪಗಿರುವ ಒಸಡು ಸುಣ್ಣ ಬಳಿದಂತೆ ಬೆಳ್ಳಗಿತ್ತು.

"ಬಾಯಾಗ ಏನೂ ಹಾಕಬ್ಯಾಡ್ರಿ. ಈಗಿಂದೀಗ ಕರಕೊಂಡ ಬರ್ರಿ."

ಆಟೋದಲ್ಲಿ ಅವ್ವ ನಾಯಿಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ಅದರ ತುಟಿ ಎತ್ತಿ ಎತ್ತಿ ನೋಡುತ್ತಿದ್ದಳು. ಡಾಕ್ಟರು ಕಾಯಿಸದೆ ಒಳಗೆ ಕರೆದು ಸೂಜಿ ಕೊಟ್ಟು, ಸಲೈನ್ ಹಚ್ಚಿದರು. "ಇದು ಗರ್ಮಿ ಅಲ್ಲರಿ ಅಮ್ಮಾ. ಲಸಿಕಿ ಮೈಗಿ ಒಗ್ಗಿಲ್ಲ. ಭಾಳ ನಾಯಿಗೋಳಿಗಿ ಹಿಂಗ ಆಗಂಗಿಲ್ಲ, ಆದ್ರ ಆದಾಗ ಜಲ್ದಿ ಬರಬೇಕು," ಎಂದರು. ಸಂಜೆಯ ಹೊತ್ತಿಗೆ ನಾಯಿಯ ಬಾವು ಇಳಿಯಿತು, ಅವ್ವನ ಮುಖ ಊದಿಕೊಂಡಿತು. "ಇನ್ನ ಮುಂದ ಇದಕ್ಕ ಸೂಜಿ ಬ್ಯಾಡ. ನನ್ನ ಕೈಯಾಗ ಸಾಯ್ತಿತ್ತು," ಎಂದು ಅತ್ತಳು. ನನಗೂ ಅಳು ಬಂತು.

ಈ ವರ್ಷ ಮತ್ತೆ ಲಸಿಕೆಯ ಹೊತ್ತು ಬಂತು. ಅವ್ವ ನಾಯಿಯ ಹಗ್ಗವನ್ನು ಕೈಗೆ ಸುತ್ತಿಕೊಂಡು ಕೂತುಬಿಟ್ಟಳು. ನಾನು ಬೈದೆ, ಬೇಡಿದೆ. ನಮ್ಮ ಓಣಿಯಲ್ಲಿ ಬೀದಿನಾಯಿಗಳಿಗೇನು ಬರವೇ? ಯಾವುದೋ ಒಂದು ಕಚ್ಚಿದರೆ ಏನು ಗತಿ? ಕೊನೆಗೆ ಡಾಕ್ಟರಿಗೇ ಫೋನ್ ಹಚ್ಚಿ ಅವಳ ಕಿವಿಗೆ ಹಿಡಿದೆ.

"ಹುಚ್ಚುನಾಯಿ ರೋಗ ಬಂದ್ರ ಉಳಿಸಾಕ ಔಷಧಾನೇ ಇಲ್ಲರಿ ಅಮ್ಮಾ. ಈ ಸಲ ಎರಡೂ ಕೂಡಿ ಹಾಕಂಗಿಲ್ಲ. ಮೊದಲ ಅಲರ್ಜಿದು ಸೂಜಿ, ಆಮ್ಯಾಲ ಒಂದೇ ಲಸಿಕಿ. ಹಾಕಿದ ಮ್ಯಾಲ ನೀವು ಇಲ್ಲೇ ಕೂಡಬೇಕು, ನಾ ನೋಡ್ತಿರ್ತೇನಿ."

"ಕೂಡ್ತೇನ್ರಿ," ಎಂದಳು ಅವ್ವ.

ಕೂತಳು. ಲಸಿಕೆ ಆದ ಮೇಲೆ ಆಸ್ಪತ್ರೆಯ ಬೇವಿನ ಗಿಡದ ಕೆಳಗೆ, ಡಾಕ್ಟರು ಹೇಳಿದ ಹೊತ್ತು ಮುಗಿದರೂ ಏಳಲಿಲ್ಲ. ನಾಯಿಮರಿಗೆ ಲಸಿಕೆ ಹಾಕಿಸಿಕೊಂಡು ಹೊರಟಿದ್ದ ಯಾರೋ ಒಬ್ಬರನ್ನು "ಎಲ್ಲಿಗಿ ಹೊಂಟೀರಿ? ಕುಂದರ್ರಿ" ಎಂದು ಗದರಿಸಿ ಪಕ್ಕದಲ್ಲೇ ಕೂರಿಸಿದಳು. ನಮ್ಮ ನಾಯಿಗೆ ಈ ಕಾವಲು ಸಾಕಾಗಿ ನಿದ್ದೆ ಬಂದಿತ್ತು. ಅವ್ವ ಮಾತ್ರ ಹೆಬ್ಬೆರಳಿನಿಂದ ಅದರ ತುಟಿ ಎತ್ತಿ ನೋಡುವುದು, ಬಿಡುವುದು, ಮತ್ತೆ ಎತ್ತುವುದು.

"ಸಾಕು ನಡಿಯವ್ವಾ, ಮನಿಗಿ ಹೋಗೋಣು," ಎಂದೆ.

ಅವಳು ಮತ್ತೊಮ್ಮೆ ತುಟಿ ಎತ್ತಿ, ನನ್ನ ಕೈ ಹಿಡಿದು ಬಗ್ಗಿಸಿದಳು. "ನನ್ನ ಕಣ್ಣು ಮಂಜಾಗ್ಯಾವ. ನೀನೇ ನೋಡಿ ಹೇಳು, ಕೆಂಪಗದ ಇಲ್ಲ?"

"ಕೆಂಪಗದ ಅವ್ವಾ," ಎಂದೆ.