ಛತ್ರಿಯ ಮೇಲೆ ಒಂದು ಎಲೆ

ಪುಣೆಯಲ್ಲಿ ಮಳೆ ಹಿಡಿದರೆ ನಾನೂ ನನ್ನ ಹೆಂಡತಿಯೂ ಸ್ವಾರಗೇಟದಿಂದ ಬಸ್ ಹತ್ತಿ ಊರ ಹೊರಗಿನ ಗುಡ್ಡದ ಕಾಡಿಗೆ ಹೋಗುತ್ತಿದ್ದೆವು. ಆಕೆ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು, ಜರೀಗಿಡವೆಂದರೆ ಜೀವ. ನಾನು ಆಫೀಸಿನ ಗುಮಾಸ್ತ, ಮೊಬೈಲಿನಲ್ಲಿ ಫೋಟೋ ಹೊಡೆದು ಹೆಸರು ಹುಡುಕುವವ. ಒಂದೇ ಗಿಡಕ್ಕೆ ಮೊಬೈಲು ಮೂರು ಹೆಸರು ಹೇಳುತ್ತಿತ್ತು.

“ಬರೇ ಮಾರಿ ನೋಡಿದ್ರ ಏನ್ ತಿಳೀತದ್ರಿ? ಹೊಳ್ಳಿಸಿ ಬೆನ್ನು ನೋಡ್ರಿ” ಅನ್ನುತ್ತಿದ್ದಳು.

ಕಳೆದ ಮಳೆಗಾಲದ ಕೊನೆಗೆ, ಮರಗಳ ನೆರಳಿನಲ್ಲಿ, ಮಳೆ ನೇರ ಬೀಳದ ಬಂಡೆಯ ಸಂದಿಯಲ್ಲಿ ಬೆಳ್ಳಿ ಜರೀಗಿಡ ಸಿಕ್ಕಿತು. ಅದು ಬೆಳೆಯುವುದೇ ಅಂಥಲ್ಲಿ. ಆಕೆ ಒಂದು ಎಲೆಯ ಬೆನ್ನನ್ನು ನನ್ನ ಹೊಸ ಕರಿ ಛತ್ರಿಗೆ ಒತ್ತಿ ತೆಗೆದಳು. ಎಲೆಯಡಿಯ ಬಿಳಿ ಹಿಟ್ಟು ಬಟ್ಟೆಗೆ ಹತ್ತಿ ಇಡೀ ಎಲೆ ಅಚ್ಚಾಗಿ ಮೂಡಿತು.

“ಗುರುತು ಹಿಡಿಯೋದು ಹಿಂಗ ನೋಡ್ರಿ.”

“ಹೊಸಾ ಛತ್ರಿ ಹೊಲಸ ಮಾಡಿದ್ಯಲ್ಲ!” ಎಂದು ಸಿಡಿಮಿಡಿಗೊಂಡೆ.

ಚಳಿಗಾಲದಲ್ಲಿ ಆಕೆ ತೀರಿಕೊಂಡಳು.

ಈ ವರ್ಷ ನಾಲ್ಕು ಮಳೆ ಬಿದ್ದ ಮೇಲೆ ಒಬ್ಬನೇ ಹೋದೆ. ಬೇಸಿಗೆಯಲ್ಲಿ ಮುರುಟಿದ ಗಿಡ ಅದೇ ಸಂದಿಯಲ್ಲಿ ಮತ್ತೆ ಎಲೆ ಬಿಚ್ಚಿತ್ತು. ಹೊಳ್ಳಿಸಿ ಬೆನ್ನು ನೋಡಿದೆ. ಪ್ಲಾಸ್ಟಿಕ್ ಚೀಲದಿಂದ ಛತ್ರಿ ತೆಗೆದು, ಅದರ ಮೇಲಿನ ಅಚ್ಚಿನ ಪಕ್ಕ ಹಿಡಿದು ತಾಳೆ ನೋಡಿದೆ. ಅದೇ ಗಿಡ. ಛತ್ರಿಯನ್ನು ಮತ್ತೆ ಚೀಲಕ್ಕೆ ಹಾಕಿ ಕಟ್ಟಿದೆ.

ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಮಳೆ ಜೋರಾಯಿತು. ಕೈಯಲ್ಲೇ ಛತ್ರಿ ಇದೆ, ಬಿಚ್ಚಬಾರದೇ ಎಂದು ಅಲ್ಲಿದ್ದ ಮುದುಕಿ ಮರಾಠಿಯಲ್ಲಿ ಬೈದಳು.

ನಾನು ಚೀಲದ ಬಾಯಿ ಇನ್ನಷ್ಟು ಬಿಗಿದು ಕಟ್ಟಿ, ತೋಯುತ್ತ ನಿಂತೆ.