ತಂಗಿ ಬಾಗ್ಲಲ್ಲಿ ಓಟು ಕೇಳಿದ ಮಾವ

ಮಾವನ ಕುತ್ತಿಗೆ ನರ ಹಗ್ಗದಂಗೆ ಉಬ್ಬಿತ್ತು. ಕೈಲಿ ಮೈಕು, ಬಾಯಲ್ಲಿ ಮಾತಿಲ್ಲ. ನಾನು ಗೂಡ್ಸ್ ಆಟೋ ಸ್ಲೋ ಮಾಡಿ, "ಕೂಗು ಮಾವ, ಜನ ನೋಡ್ತಾವ್ರೆ" ಅಂದೆ. ಎದುರಿಗೆ ಅವನ ಒಡಹುಟ್ಟಿದ ತಂಗಿ ಮನೆ. ಆ ಯಮ್ಮ ಜಗಲಿ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೀತಿದ್ಲು.

ಮಾವ ಕೊನೆಗೂ ಬಾಯಿ ಬಿಟ್ಟ. "ಬಂಧುಗಳೇ, ನಮ್ಮ ಮೈತ್ರಿ ಅಭ್ಯರ್ಥಿಗೆ ನಿಮ್ಮ ಅಮೂಲ್ಯವಾದ ಮತ..."

ತಂಗಿ ತಲೆ ಎತ್ತಿದ್ಲು. "ಗೌರಿ ಹಬ್ಬಕ್ಕೆ ಬಾಗಿನ ತರಕ್ಕೆ ಕಾಲು ಬರ್ಲಿಲ್ಲ. ಓಟು ಕೇಳಕ್ಕೆ ಬಂತಾ ಅಣ್ಣ?"

ಬೀದಿ ಜನ ಎಲ್ಲಾ ನಕ್ಬಿಟ್ರು. ಮಾವ ಮೈಕ್ ಆಫ್ ಮಾಡ್ದ.

ಅವನು ನಂಗೆ ಸ್ವಂತ ಮಾವ ಅಲ್ಲ. ಪಕ್ಕದ ಮನೆಯೋನು. ಸೂಲಿಬೆಲೆ ಕಡೆ ನಮ್ಮೂರು. ಎರಡು ಸೀಮೆ ಹಸು ಕಟ್ಕೊಂಡು ಡೈರಿಗೆ ಹಾಲು ಹಾಕ್ತಿದ್ದ. ಎಲೆಕ್ಷನ್ ಬಂದ್ರೆ ಮಾತ್ರ ಬೇರೆ ಮನುಷ್ಯ. ಪಾರ್ಟಿ ಮೈಕ್ ಸೆಟ್ಟು ಅವನ ಮನೇಲೇ ಇರ್ತಿತ್ತು, ಬೇರೆ ಯಾರಿಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ. ಬಾಯಲ್ಲಿ ಒಂದು ಲವಂಗ ಇಟ್ಕೊಂಡು ಕೂಗಕ್ಕೆ ನಿಂತ ಅಂದ್ರೆ ಆಚೆ ಊರಿಗೂ ಕೇಳ್ಬೇಕು. ಪಾರ್ಟಿಯೋರು ಕೊಡೋ ಎಣ್ಣೆ ಮುಟ್ತಿರ್ಲಿಲ್ಲ. "ಕುಡಿದು ಕೂಗಿದ್ರೆ ನಾಯಿ ಬೊಗಳ್ದಂಗಿರ್ತದೆ ಕಣ್ಲಾ" ಅನ್ನೋನು.

ನಮ್ಮೂರಲ್ಲಿ ಎರಡು ಪಾರ್ಟಿ ಅಂದ್ರೆ ಎಲ್ಲಾ ಎರಡೆರಡು. ಟೀ ಅಂಗಡಿ ಎರಡು, ಗಣೇಶ ಎರಡು. ಆ ಪಾರ್ಟಿಯೋನು ಸತ್ರೆ ಈ ಪಾರ್ಟಿಯೋನು ಹೆಗಲು ಕೊಡಲ್ಲ. ಮಾವನ ತಂಗೀನ ಕೊಟ್ಟಿದ್ದು ಊರಲ್ಲೇ, ಆ ಕಡೆ ಬೀದಿಗೆ. ಅವಳ ಗಂಡ ಆ ಪಾರ್ಟಿ, ನಾನೂ ಮಾವನೂ ಈ ಪಾರ್ಟಿ. ಯಾವುದೋ ಎಲೆಕ್ಷನ್ನಲ್ಲಿ ಬೂತ್ ಮುಂದೆ ಗಲಾಟೆ ಆಗಿ ಆ ಭಾವ ಮಾವನ ಕೆನ್ನೆಗೆ ಬಾರಿಸ್ಬಿಟ್ಟ. ನಮ್ ಲೀಡರ್ರು ಅವತ್ತೇ ಹೇಳ್ದ, "ಇನ್ಮೇಲೆ ಆ ಮನೆ ಹೊಸಿಲು ತುಳಿದ್ರೆ ನೀನು ನಮ್ಮೋನಲ್ಲ." ಮಾವ ತುಳೀಲಿಲ್ಲ. ಅಪ್ಪ ಅವ್ವ ಇಲ್ಲದ ತಂಗಿ, ಅವಳಿಗೆ ತವರು ಅಂದ್ರೆ ಇವನೊಬ್ನೇ. ವರ್ಷ ವರ್ಷ ಊರ ಹೆಂಗಸರಿಗೆಲ್ಲಾ ತವರಿಂದ ಮೊರದ ಬಾಗಿನ ಬರೋದು. ಅವಳಿಗಿಲ್ಲ.

ಆಮೇಲೆ ಈ ಮೈತ್ರಿ ಎಲೆಕ್ಷನ್ ಬಂತು. ದಿಲ್ಲೀಲಿ ಯಾರಿಗೂ ಪೂರ್ತಿ ಸೀಟು ಬರಲ್ಲ ಅಂತ ಟೀವಿಯೋರು ಬಡ್ಕೊಂಡ್ರು. ತಕ್ಷಣ ಎರಡೂ ಪಾರ್ಟಿ ಒಂದಾಗೋದ್ವು. ದೇವನಹಳ್ಳೀಲಿ ಸ್ಟೇಜ್ ಮೇಲೆ ಲೀಡರ್‌ಗಳು ತಬ್ಕೊಂಡು ಒಬ್ಬರ ಬಾಯಿಗೆ ಒಬ್ರು ಲಾಡು ಇಟ್ರು. ನನ್ನ ಫೋನಲ್ಲಿ ಅದನ್ನ ನೋಡಿ ಮಾವ, "ಇಷ್ಟು ಸಲೀಸೇನ್ಲಾ ಇದು?" ಅಂದ. ಟಿಕೆಟ್ ಸಿಕ್ಕಿದ್ದು ಆ ಪಾರ್ಟಿಯೋನಿಗೆ. ಕೂಗೋ ಕೆಲಸ ಮಾತ್ರ ನಮ್ ಮಾವಂಗೆ.

ಅವತ್ತು ತಂಗಿ ಹಂಗಂದ ಮೇಲೆ ಮಾವ ಆಟೋ ಇಳಿದು ಹೋಗಿ ಜಗಲಿ ಕೆಳಗಿನ ಮೆಟ್ಲಲ್ಲಿ ಕೂತ. ಅವಳು ಕುಟ್ಟೋದು ನಿಲ್ಲಿಸ್ಲಿಲ್ಲ.

"ಈ ಸಲ ತರ್ತೀನಿ ಕಣವ್ವ."

"ನಿಮ್ ಲೀಡರ್ ಬಿಟ್ರೆ ತಾ."

ನಾವು ಕೂಗಿದ ಆ ಮೈತ್ರಿ ಅಭ್ಯರ್ಥಿ ಕೂದಲೆಳೇಲಿ ಗೆದ್ದ. ದಿಲ್ಲೀಲಿ ಯಾರಿಗೂ ಮೆಜಾರಿಟಿ ಇಲ್ಲ. ಗೆದ್ದೋನೂ ಅವನ ಪಾರ್ಟೀನೂ ನಮ್ಮನ್ನ ಬಿಟ್ಟು ಎದುರು ಗುಂಪಿಗೆ ಜಿಗಿದು ಸರ್ಕಾರದಲ್ಲಿ ಕೂತ್ಕೊಂಡ್ವು. ನಾವು ಬಿಸಿಲಲ್ಲಿ ಗಂಟಲು ಹರ್ಕೊಂಡಿದ್ದು ಮಣ್ಣಾಯ್ತು. ಗೌರಿ ಹಬ್ಬ ಇನ್ನೇನು ಬಂತು ಅನ್ನೋವಾಗ ಲೀಡರ್ರು ಕಾರಲ್ಲಿ ನಮ್ ಬೀದಿಗೆ ಬಂದ. "ಮೋಸ ಮಾಡಿದ್ರು ಕಣ್ರಯ್ಯಾ. ಇನ್ಮೇಲೆ ಆ ಪಾರ್ಟಿಯೋರ ಮನೇಲಿ ನೀರೂ ಮುಟ್ಟಂಗಿಲ್ಲ."

ಮಾವ ಮುಂದೆ ಬಂದ. "ಹಬ್ಬಕ್ಕೆ ತಂಗಿ ಮನೆಗೆ ಹೋಯ್ತೀನಿ ಸ್ವಾಮಿ. ಮಾತು ಕೊಟ್ಟಿವ್ನಿ."

"ಹೋಗಂಗಿದ್ರೆ ಮೈಕು ಇಟ್ಟು ಹೋಗಯ್ಯಾ."

ಮಾವ ಒಳಗೋಗಿ ಮೈಕ್ ಸೆಟ್ ತಂದು ಕಾರ್ ಬಾನೆಟ್ ಮೇಲೆ ಕುಕ್ಕಿದ. "ತಗೊಳ್ಳಿ. ನೀವೇ ಕೂಗ್ಕೊಳ್ಳಿ."

ಹಬ್ಬದ ದಿನ ಸೀರೆ ಇಟ್ಟ ಬಾಗಿನದ ಮೊರ ಎತ್ಕೊಂಡು ನಡು ಬೀದೀಲಿ ನಡ್ಕೊಂಡೇ ಹೋದ. ನಾನೂ ಹಿಂದೆ ಹೋದೆ. ನಮ್ ಹುಡುಗ್ರು ಶಿಳ್ಳೆ ಹೊಡೆದು "ದ್ರೋಹಿ" ಅಂದ್ರು. ಆ ಕಡೆಯೋರು "ಏನ್ ಗುರು, ಪಾರ್ಟಿ ಬಿಟ್ಯಾ?" ಅಂದ್ರು. ಎರಡೂ ಕಡೆ ನನ್ಮಕ್ಳ ನಡುವೆನೇ ಅವನು ಸೀದಾ ತಂಗಿ ಮನೆಗೆ ನಡೆದ. ಬಾಗಿಲು ತೆಗೆದಿದ್ದು ಭಾವ. ಒಂದು ಕುರ್ಚಿ ತಂದು ಹಾಕ್ದ. ತಂಗಿ ಮೊರ ಇಸ್ಕೊಂಡು, "ಸೀರೆ ಬಣ್ಣ ಚೆನ್ನಾಗಿಲ್ಲ ಕಣಣ್ಣ" ಅಂದ್ಲು. ಒಳಗೋಗಿ ಅದನ್ನೇ ಉಟ್ಕೊಂಡು ಬಂದ್ಲು.

ಮುಂದಿನ ಗೌರಿ ಹಬ್ಬಕ್ಕೆ ಮಾವ ಇರ್ಲಿಲ್ಲ. ಹಸು ತೊಳೀತಾ ತೊಳೀತಾ ಕುಸಿದುಬಿದ್ದ, ಹೊಸಕೋಟೆ ಆಸ್ಪತ್ರೆ ಮುಟ್ಟಲಿಲ್ಲ. ನಮ್ ಪಾರ್ಟಿಯೋರು ಯಾರೂ ಹೆಗಲು ಕೊಡ್ಲಿಲ್ಲ, ಲೀಡರ್ ತಲೇನೂ ಹಾಕ್ಲಿಲ್ಲ. ಮುಂದೆ ಹೆಗಲು ಕೊಟ್ಟೋನು ಆ ಭಾವ.

ಈಗ ನಮ್ ಲೀಡರ್ರೂ ಜಿಗಿದು ಆ ಸರ್ಕಾರದ ಕಡೆಗೇ ಸೇರ್ಕೊಂಡವ್ನೆ. ಬಸ್ ಸ್ಟಾಪಲ್ಲಿ ಫ್ಲೆಕ್ಸು, ಅವನೂ ಅವತ್ತು ಗೆದ್ದೋನೂ ಹಲ್ಲು ಕಿರ್ಕೊಂಡು ನಿಂತವ್ರೆ. ಮೊನ್ನೆ ಅವನ ಕಡೆಯೋರು ಬಂದು ಪ್ರಚಾರಕ್ಕೆ ಆಟೋ ಬೇಕು ಅಂದ್ರು.

ಬರಲ್ಲ ಅಂದೆ.

"ಯಾಕಪ್ಪಾ, ಏನಾಯ್ತು?"

"ಆ ಯಮ್ಮಂದು ಎಷ್ಟು ಗೌರಿ ಹಬ್ಬ ತಿಂದಾಕಿದ್ದೀರೋ ಅಷ್ಟನ್ನೂ ವಾಪಸ್ ಕೊಟ್ಟು ಬನ್ನಿ, ಆಮೇಲೆ ಆಟೋ ಕೇಳಿ" ಅಂದೆ.

ಅಷ್ಟೇ. ಇನ್ನೇನೂ ಇಲ್ಲ ನಾನು ಹೇಳಕ್ಕೆ.