ಎಣಿಕೆಗೆ ಒಂದು ಕೂಸು ಕಡಿಮೆ

ಇನ್ನೂ ಮಬ್ಬು ಹರಿದಿಲ್ಲ. ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದ ಹನಮವ್ವ ಓಣಿಯ ಬಾಗಿಲುಗಳನ್ನು ತಟ್ಟುತ್ತಾ ಬರುತ್ತಿದ್ದಾರೆ. ಅವರು ಅಂಗನವಾಡಿ ಸಹಾಯಕಿ. ತೊಗರಿ ಕೊಯ್ಲಿಗೆ ತಾಯಂದಿರು ನಸುಕಿನಲ್ಲೇ ಹೊರಡುವುದರಿಂದ ಮಕ್ಕಳನ್ನು ಈ ಹೊತ್ತಿಗೇ ಒಟ್ಟು ಮಾಡಬೇಕು. ಆದರೆ ತಟ್ಟುವ ಬಾಗಿಲುಗಳಿಗಿಂತ ಬೀಗ ಬಿದ್ದ ಬಾಗಿಲುಗಳೇ ಹೆಚ್ಚು.

"ಮೊದಲ ಈ ಓಣಿಗಿ ಎರಡ ಸಲ ಬರಬೇಕಾಗ್ತಿತ್ರಿ, ಅಷ್ಟ ಹುಡುಗ್ರು. ಈಗ ಒಂದ ಸಲಕ್ಕ ಎಲ್ಲಾರನೂ ಕೈ ಹಿಡದ ಕರಕೊಂಡ ಹೋಗ್ತೇನಿ" ಎನ್ನುತ್ತಾರೆ.

ಸಿಂದಗಿ ತಾಲ್ಲೂಕಿನ ಮೋರಟಗಿಯಿಂದ ಒಳಗೆ ಹೊರಳುವ ದಾರಿಯಲ್ಲಿದೆ ಈ ಊರು. ಹೆಸರು ಬರೆಯಬೇಡಿ ಎಂದಿದ್ದಾರೆ ಹನಮವ್ವ, ಬರೆಯುವುದಿಲ್ಲ. ತಾಲ್ಲೂಕಿನ ಪರಿಚಯ ಮಾಡಿಕೊಡುವ ಪುಸ್ತಿಕೆಗಳಲ್ಲಿ ಎಲ್ಲವೂ ಇರುತ್ತದೆ: ಕರಿಮಣ್ಣು, ಭೀಮಾ ತೀರ, ಸರಾಸರಿ ಮಳೆ, ಗಂಡೆಷ್ಟು, ಹೆಣ್ಣೆಷ್ಟು. ದೀಪಾವಳಿ ಮುಗಿದ ಮೇಲೆ ಊರಿನಲ್ಲಿ ಉಳಿಯುವವರು ಯಾರು ಎಂಬುದೊಂದು ಮಾತ್ರ ಇರುವುದಿಲ್ಲ. ಕಬ್ಬು ಕಡಿಯುವ ಗ್ಯಾಂಗುಗಳು ಟ್ರ್ಯಾಕ್ಟರ್ ಏರಿ ಸಾಂಗ್ಲಿ, ಕೊಲ್ಹಾಪುರದ ಕಡೆ ಹೋಗುತ್ತವೆ, ಜೊತೆಗೆ ಮಕ್ಕಳೂ. ಗಾರೆ ಕೆಲಸಕ್ಕೆಂದು ವಿಜಯಪುರ ಸೇರಿದವರು ಅಲ್ಲೇ ಉಳಿದುಬಿಟ್ಟಿದ್ದಾರೆ. ನಗರದಂಚಿನ ಬಡಾವಣೆಯಲ್ಲಿ ಬಾಡಿಗೆ ಕೋಣೆಯ ಅಂಗನವಾಡಿ, ಮಕ್ಕಳಿಗೆ ಕಾಲು ಚಾಚಲು ಜಾಗವಿಲ್ಲ. ಇಲ್ಲಿ ಹೊಸ ಕಟ್ಟಡವಿದೆ, ಗೋಡೆಯ ಮೇಲೆ ಗಿಳಿ, ಮಾವಿನಹಣ್ಣಿನ ಚಿತ್ರಗಳಿವೆ, ನೋಡುವ ಮಕ್ಕಳಿಲ್ಲ.

ಗಂಡ ಬಾವಿ ತೋಡುವಾಗ ಬಿದ್ದು ತೀರಿಕೊಂಡ ವರ್ಷ ಹನಮವ್ವನಿಗೆ ಈ ಕೆಲಸ ಸಿಕ್ಕಿತು. ಇಪ್ಪತ್ತು ವರ್ಷಗಳಿಂದ ಕಸ ಗುಡಿಸಿ, ನೀರು ಹೊತ್ತು, ಉಪ್ಪಿಟ್ಟು ಬೇಯಿಸಿ, ಊರಿನ ಮಕ್ಕಳ ಮೂಗು ಒರೆಸುತ್ತಾ ಬಂದಿದ್ದಾರೆ. ಬೇರೆ ಆಧಾರವಿಲ್ಲ. ಕಳೆದ ವರ್ಷ ಮೇಲಿನವರು ಬಂದು, ಹನ್ನೆರಡು ಮಕ್ಕಳಾದರೂ ಇರಬೇಕು, ಇಲ್ಲದಿದ್ದರೆ ಕೇಂದ್ರವನ್ನು ಪಕ್ಕದೂರಿಗೆ ಸೇರಿಸುತ್ತೇವೆ ಎಂದು ಹೇಳಿ ಹೋದರು. ಅಲ್ಲಿ ಈಗಾಗಲೇ ಒಬ್ಬ ಸಹಾಯಕಿ ಇದ್ದಾರೆ.

ಹಾಗಾಗಿ ಈ ಸಲ ಗ್ಯಾಂಗ್ ಹೊರಡುವ ಮುನ್ನ ಹನಮವ್ವ ಓಣಿಯ ಶಿವಾನಿಯ ಮನೆಗೆ ಹೋದರು. ಮಗಳು ಪ್ರಜ್ಞಾಳನ್ನು ತಮ್ಮಲ್ಲೇ ಬಿಟ್ಟು ಹೋಗೆಂದು ಕೇಳಿದರು. ಕಬ್ಬು ಕಡಿಯುವ ಜಾಗದಲ್ಲಿ, ಅಂದರೆ ಫಡದಲ್ಲಿ, ಚಳಿ, ಹಾವಿನ ಭಯ ಎಂದರು. ಶಿವಾನಿ ಎರಡು ದಿನ ಯೋಚಿಸಿ, "ಆತು ಚಿಗವ್ವ, ನಿನ್ನ ಕಡೆ ಇರ್ಲಿ" ಅಂದಳು. ಅಲ್ಲಿಗೆ ಹನ್ನೆರಡಾಯಿತು.

"ಚಳಿ, ಹಾವು ಅಂತ ನಾನ ಹೇಳಿದ್ನಿ. ಖರೇ ಹೇಳಬೇಕಂದ್ರ ನನ್ನ ಕೆಲಸದ ಚಿಂತಿಗಿ ಇಟಗೊಂಡ್ನಿರಿ" ಎನ್ನುವಾಗ ಅವರು ತಲೆ ಎತ್ತುವುದಿಲ್ಲ.

ಪ್ರಜ್ಞಾಗೆ ಮೂರು ವರ್ಷ ದಾಟಿದೆ ಅಷ್ಟೇ. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ತಟ್ಟೆಯ ಮುಂದೆ ಕೂತಳು, ತಿನ್ನಲಿಲ್ಲ. ಹಾಲು ಕೊಟ್ಟರೆ ಎರಡು ಗುಟುಕು, ಸಾಕು. ರಾತ್ರಿ ಹನಮವ್ವನಿಗೆ ಬೆನ್ನು ತಿರುಗಿಸಿ ಮಲಗುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಕೆನ್ನೆ ಇಳಿದಿತ್ತು.

ಅದೇ ಹೊತ್ತಿಗೆ ಇನ್ನೊಂದು ಟ್ರ್ಯಾಕ್ಟರ್ ಶಿವಾನಿ ಇದ್ದ ಫಡಕ್ಕೆ ಹೊರಟಿತು. ಹನಮವ್ವ ಕೂಸನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಬಂದರು. ಗ್ಯಾಂಗಿನ ಮೇಸ್ತ್ರಿ, ಮುಕಾದಮ ಭೀಮಶ್ಯಾ ತಡೆದ.

"ಹನಮವ್ವ, ಸೋಮವಾರ ಎಣಸಾಕ ಬರ್ತಾರಂತಲ್ಲ, ಎಣಿಸಿ ಹೋಗ್ಲಿ ತಡಿ. ಹದಿನೈದ ದಿನಕ್ಕ ಮತ್ತೊಂದ ಗಾಡಿ ಹೊಕ್ಕೈತಿ."

"ಹದಿನೈದ ದಿನ ಈ ಕೂಸು ಏನ ತಿಂತೈತಪಾ? ಒಯ್ದ ಅವರವ್ವನ ಉಡ್ಯಾಗ ಹಾಕು" ಎಂದರು ಹನಮವ್ವ.

ಸೋಮವಾರ ಬಂದವರು ಹನ್ನೊಂದು ತಲೆ ಎಣಿಸಿ, ಹನ್ನೆರಡನೆಯದು ಎಲ್ಲಿ ಎಂದು ಕೇಳಿದರು. "ಅವರವ್ವನ ಕಡೆ ಕಳಿಸೇನ್ರಿ" ಎಂದರು ಇವರು. ಯುಗಾದಿಯ ನಂತರ ಕೇಂದ್ರ ಪಕ್ಕದೂರಿಗೆ ಹೋಗುವುದು ಖಚಿತವಾಗಿದೆ. ಉಳಿದ ಹನ್ನೊಂದು ಮಕ್ಕಳು ಹಳ್ಳ ದಾಟಿ ಅಷ್ಟು ದೂರ ನಡೆಯುತ್ತವೆಯೇ ಎಂದು ಯಾರೂ ಕೇಳಿಲ್ಲ. ನನಗಂತೂ ನಂಬಿಕೆಯಿಲ್ಲ.

ಮಾಡಿದ್ದಕ್ಕೆ ಬೇಸರವಿದೆಯೇ ಎಂದು ಕೇಳಿದೆ. ಉಪ್ಪಿಟ್ಟಿನ ಬೋಗುಣಿ ತಿಕ್ಕುತ್ತಿದ್ದವರು ಕೈ ನಿಲ್ಲಿಸಿದರು.

"ಕೆಲಸ ಹೋಗೂದಕ್ಕ ಬ್ಯಾಸರ ಐತ್ರಿ, ಸುಳ್ಳ ಯಾಕ ಹೇಳ್ಲಿ? ಮುಂದ ಹೊಟ್ಟಿಗಿ ಏನಂತ ಗೊತ್ತಿಲ್ಲ." ಮತ್ತೆ ಬೋಗುಣಿ ಕೈಗೆತ್ತಿಕೊಂಡರು. "ನಿನ್ನಿ ಶಿವಾನಿ ಫೋನ್ ಮಾಡಿದ್ದಳು. ಕೂಸು ರೊಟ್ಟಿ ತಿನ್ನಾಕತ್ತೈತಂತ."